ನನ್ನ ಸಹಿಯ ನಕ್ಷೆ

ಆಂಟೆನಾ ಬೆಂಚಿನ ಅಕ್ಕಾ,

ಕಂಪನಿಯವರು ಕೆಲಸ ಖಾಯಂ ಮಾಡುತ್ತೇವೆ ಅಂದಿದ್ದರು, ಮಾಡಲಿಲ್ಲ. ಸೋಲ್ಡರ್ ಹೊಗೆ ಹೊರಗೆ ಹೋಗಲು ಫ್ಯಾನು ಹಾಕಿಸುತ್ತೇವೆ ಅಂದಿದ್ದರು, ಹಾಕಿಸಲಿಲ್ಲ. ವಿಚಾರಣೆಯಿಲ್ಲದೆ ಯಾರನ್ನೂ ತೆಗೆಯುವುದಿಲ್ಲ ಅಂದಿದ್ದರು. ಇಪ್ಪತ್ತು ಆಂಟೆನಾ ಕೆಡಿಸಿದಳು ಅಂತ ನಿನ್ನನ್ನು ಒಂದೇ ದಿನದಲ್ಲಿ ಗೇಟಿನಾಚೆ ದಬ್ಬಿದರು.

ನಿನ್ನ ವಿಳಾಸ ನನ್ನ ಹತ್ತಿರ ಇದೆ. ಈ ಕಾಗದ ಕಳಿಸುವ ಮುಖ ಇಲ್ಲ.

ಇವತ್ತು ಮೊಬೈಲ್ ಟವರಿನ ಹೊಸ ಆಂಟೆನಾ ಪರೀಕ್ಷೆಗಿಟ್ಟೆವು. ಫೋನನ್ನು ಹೇಗೆ ಓರೆಯಾಗಿ ಹಿಡಿದರೂ ಸಿಗ್ನಲ್ ಸಿಗಬೇಕಾದರೆ ರೇಡಿಯೋ ಅಲೆ ಸುತ್ತುತ್ತಾ ಹೊರಡಬೇಕು; ನಮ್ಮ ಆರ್ಡರಿನ ಪ್ರಕಾರ ಬಲಕ್ಕೆ, ಅದೂ ಎಲ್ಲ ಫ್ರೀಕ್ವೆನ್ಸಿಯಲ್ಲೂ. ನಿನ್ನ ಆ ಇಪ್ಪತ್ತರಂತೆ ಇದೂ ಎಡಕ್ಕೇ ಸುತ್ತಿತು. ನಿನ್ನ ಜಾಗಕ್ಕೆ ಬಂದವಳ ಮೇಲೆ ಮ್ಯಾನೇಜರು ಹರಿಹಾಯ್ದ: "ನಿನ್ನ ಕೈಯೂ ಅವಳ ಕೈಯಂಥದ್ದೇ ಏನಮ್ಮಾ?"

ಅವಳು ಹೆದರಲಿಲ್ಲ. "ಇಬ್ಬರ ಕೈಯಲ್ಲೂ ಅದೇ ತಪ್ಪು ಬಂದ್ರೆ ಕೈಗ್ಯಾಕೆ ಬೈತೀರಾ ಸಾರ್? ನಕ್ಷೆ ಬರೆದ ಮಹಾನುಭಾವರನ್ನ ಕೇಳಿ."

ನಕ್ಷೆಯನ್ನು ಕಿಟಕಿಗೆ ಹಿಡಿದು ಹಿಂದಿನಿಂದ ನೋಡಿದೆ. ಆಂಟೆನಾ ಹಲಗೆಯ ಬೆನ್ನಿಗೆ ಕೂರಿಸುವ ತಾಮ್ರದ ತೋಳುಗಳನ್ನು ಎದುರಿನಿಂದ ಕಂಡಂತೆ ಬರೆದಿತ್ತು; ಹಾಗೇ ಕೂರಿಸಿದರೆ ಬಲ ಎಡವಾಗುತ್ತದೆ. ಕೆಳಗೆ ನನ್ನ ಸಹಿ.

"ಇದು ಹಿಂದುಮುಂದಾಗಿದೆಯಲ್ಲೋ ತಮ್ಮಾ" ಅಂತ ನಕ್ಷೆ ಕೈಗೆ ಬಂದ ದಿನವೇ ನೀನು ಅಂದಿದ್ದೆ. "ನೀನು ಸೋಲ್ಡರ್ ನೋಡ್ಕೋ, ನಕ್ಷೆ ನನಗೆ ಬಿಡು" ಅಂದಿದ್ದೆ ನಾನು. ಕಾರ್ಮಿಕ ಸಂಘದ ಮೈಕಿನ ಮುಂದೆ ನ್ಯಾಯ ಬೇಕು ಅಂತ ಗಂಟಲು ಹರಿಯುವಂತೆ ಕೂಗುವವನೂ ನಾನೇ.

ಮಧ್ಯಾಹ್ನವೇ ಸಂಘದ ಸಭೆಗೆ ನೋಟಿಸು ಅಂಟಿಸಿ ಬಂದೆ. ಮೊದಲ ವಿಷಯ ನನ್ನ ತಪ್ಪು, ಎರಡನೆಯದು ನಿನ್ನ ಕೆಲಸ. ಗುರುವಾರ, ಸಂಜೆ ಐದೂವರೆಗೆ.