ಬಾಗಿಲ ಬಳಿಯ ಚಪ್ಪಲಿ

ಯಲಹಂಕ
೧೨-೩-೨೦೧೪

ತರಬೇತಿಯ ಸಂಯುಕ್ತಾ ಮೇಡಂ ಅವರಿಗೆ ಗಾರ್ಮೆಂಟ್ಸ್ ಹೊಲಿಗೆ ಲೈನಿನ ಮುನಿನಾರಾಯಣಮ್ಮನ ನಮಸ್ಕಾರ. ದಿನವೆಲ್ಲ ಹೊಲಿದು ಕೈ ಸೋತಿದೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸಿ.

ಬೆಂಕಿ ಬಿದ್ದರೆ ಏನು ಮಾಡಬೇಕೆಂದು ನೀವು ಬರೆದ ನಾಟಕದ ಆಟವನ್ನು ನಿನ್ನೆ ಆಡಿ ನೋಡಿದೆವು. ಗಂಟೆ ಹೊಡೆದ ಕೂಡಲೇ ಎಲ್ಲರೂ ಸಾಲಾಗಿ ಹೊರಗೆ ಹೋಗುತ್ತಾರೆ ಎಂದಿದೆ. ನಿಜವಾಗಿ ಹಾಗಾಗುವುದಿಲ್ಲ ಮೇಡಂ.

ನಮ್ಮ ಬಾಗಿಲ ಮೇಲೆ ಆಂಜನೇಯನ ಪಟ ಇದೆ. ಅದರ ಕೆಳಗೆ ಚಪ್ಪಲಿಯಲ್ಲಿ ಓಡಾಡಬಾರದೆಂದು, ಎಲ್ಲರೂ ಹೊಸ್ತಿಲಲ್ಲೇ ಬಿಡುವಂತೆ ರೂಢಿ ಮಾಡಿಸಿದವಳು ನಾನೇ. ಹೋದ ವರ್ಷ ಇಸ್ತ್ರಿ ಟೇಬಲ್ ಹೊತ್ತಿಕೊಂಡಾಗ ನಾನೇ ಮೊದಲು ಬಾಗಿಲಿಗೆ ಬಂದೆ. ಬಂದವಳು ಬಗ್ಗಿ ನನ್ನ ಚಪ್ಪಲಿ ಹುಡುಕುತ್ತಾ ನಿಂತೆ. "ಅಕ್ಕಾ, ಚಪ್ಪಲಿ ಆಮೇಲ್ ನೋಡ್ಕೊಳ್ಳೋಣ, ನಡಿಯಕ್ಕಾ!" ಎಂದು ನಮ್ಮ ಲೈನಿನ ಸೊಣ್ಣಮ್ಮ ಹಿಂದಿನಿಂದ ಕೂಗಿದಳು. ನೂಕಾಟದಲ್ಲಿ ಅವಳು ಬಿದ್ದು ಸೊಂಟದ ಮೂಳೆ ಮುರಿಯಿತು. ಈಗಲೂ ಗೋಡೆ ಹಿಡಿದು ನಡೆಯುತ್ತಾಳೆ. ಎಡವಿ ಬಿದ್ದಳೆಂದು ರಿಜಿಸ್ಟರಿನಲ್ಲಿ ಬರೆದರು. ನಾನೂ ಸುಮ್ಮನಿದ್ದೆ.

ಪಟವನ್ನು ಒಳಗಿನ ಗೋಡೆಗೆ ಹಾಕಿಸಿ. ಚಪ್ಪಲಿ ಎಲ್ಲರ ಕಾಲಲ್ಲೇ ಇರಲಿ, ಸ್ವಾಮಿಗೆ ನಾನು ಹೇಳಿಕೊಂಡಿದ್ದೇನೆ.

ಆಟದಲ್ಲಿ ಚಪ್ಪಲಿ ಹುಡುಕುವವಳೊಬ್ಬಳನ್ನು ಸೇರಿಸಿ. ಆ ಪಾರ್ಟು ನನಗೇ ಕೊಡಿ. ಮಂಡಿ ನೋವಿದೆ, ಆದರೂ ಬಗ್ಗುತ್ತೇನೆ. ಹೊಸ ಹುಡುಗಿಯರು ನೋಡಲಿ. ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿಮ್ಮ ಮೂರನೇ ಲೈನಿನ
ಮುನಿನಾರಾಯಣಮ್ಮ