ತಿರುಗಿ ನೋಡಿದ ಓಟ

ವಿಳಾಸವಿಲ್ಲದ ಅಕ್ಕಾ, ಕೇಳುವಂಥವಳಾಗು ನಿನ್ನ ತಂಗಿಯ ಪರಾಕ್ರಮವನ್ನು.

ಆಶ್ರಯ ಕೊಟ್ಟ ಈ ದೇಶದ ತಂಡಕ್ಕೆ ಇವತ್ತು ರಿಲೇ ಓಟದ ಆಯ್ಕೆ ನಡೆಯಿತು. ಕೊನೆಯ ಸುತ್ತು ನನ್ನದು. ಹಿಂದಿನವಳು ಕೂಗಿದೊಡನೆ ಕೈಯನ್ನು ಹಿಂದಕ್ಕೆ ಚಾಚಿ ಕೋಲು ಪಡೆದು, ಮುಂದೆ ನೋಡುತ್ತಲೇ ಓಡಬೇಕೆಂದು ಕಲಿಸಿದವಳು ನೀನೇ. ನಾನೋ, ಕೂಗು ಕೇಳಿ ನಿಂತು ತಿರುಗಿ ನೋಡಿದೆ. ಕೋಲು ಕೆಳಗೆ ಬಿತ್ತು. ನಾಲ್ವರ ಒಂದು ವರ್ಷದ ಬೆವರು ಮಣ್ಣುಪಾಲಾಯಿತು.

“ತಲೆಗಿಲೆ ಕೆಟ್ಟಿದೆಯೇನಮ್ಮಾ? ಅವಳೇನು ಕೋಲು ಕದ್ಕೊಂಡು ಹೋಗ್ತಿದ್ಲಾ?” ಎಂದರು ತರಬೇತುದಾರರು.

“ಬರ್ತಿದಾಳೋ ಇಲ್ವೋ ಅಂತ ನೋಡ್ದೆ, ಸರ್.”

ಎಲ್ಲರೂ ನಕ್ಕರು. ನಗಲಿ ಬಿಡು.

ನಾವು ಗಡಿಯತ್ತ ಓಡಿದ ದಿನ ನನ್ನ ಬೆನ್ನ ಹಿಂದೆ ನಿನ್ನ ಕೂಗು ಎರಡು ಸಲ ಕೇಳಿತು. ನಾನು ಓಡುತ್ತಲೇ ಇದ್ದೆ. ಮೂರನೆಯ ಸಲ ನೀನು ಕೂಗಲಿಲ್ಲವೆಂಬುದು ಹೊಳೆದದ್ದು ಬೇಲಿ ದಾಟಿದ ಮೇಲೆ.