ಕೈಮಾತಿಗೆ ಮೊದಲ ಪಾಲು

ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮಾ? ನೆಗಡಿ ಬಿಟ್ಟಿತೆ? ಶಾಲೆಯ ಮಕ್ಕಳು ಹೊಸ ಟೀಚರಮ್ಮನ ಮಾತು ಕೇಳುತ್ತಾರೋ, ನಿನ್ನನ್ನೇ ಕುಣಿಸುತ್ತಾರೋ? ಕೆಲಸದ ನೆಪದಲ್ಲಿ ಊಟ ತಪ್ಪಿಸಬೇಡ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಕಾಲಂತೂ ನೆಲದ ಮೇಲಿಲ್ಲ. ಮೊನ್ನೆ ಭಾನುವಾರದ ವೀಡಿಯೋ ಕರೆಯಲ್ಲಿ ‘ಹೇಗಮ್ಮಾ ಸರಿಮಾಡಿದೆ?’ ಎಂದು ಕೇಳಿದೆಯಲ್ಲ, ಬರೆದೇ ಹೇಳುತ್ತೇನೆ. ನಿಮ್ಮ ಶಾಲೆಯ ಟೀಚರುಗಳಿಗೆಲ್ಲ ತೋರಿಸು, ನಮ್ಮಮ್ಮ ಏನೂ ಕಡಿಮೆಯವಳಲ್ಲ ಅಂತ ಗೊತ್ತಾಗಲಿ.

ಹೋದ ತಿಂಗಳು ನೀನು ‘ವೀಡಿಯೋ ನಿಂತು ನಿಂತು ಬರುತ್ತೆ, ಬೇಡಮ್ಮ, ಇನ್ನು ಮೆಸೇಜೇ ಸಾಕು’ ಎಂದು ಬರೆದೆಯಲ್ಲ, ಅದು ನನಗೆ ಸುತರಾಂ ಹಿಡಿಸಲಿಲ್ಲ. ಕಿವಿ ಕೇಳುವವರಿಗೆ ಚಿತ್ರ ನಿಂತರೂ ದನಿ ಬರುತ್ತದೆ, ಹೇಗೋ ಸುಧಾರಿಸುತ್ತಾರೆ. ನನಗೆ ಕಿವಿ ಕೇಳಿದರೇನು, ನಿನಗೂ ನನಗೂ ನಡುವೆ ಕೈಯೇ ಮಾತು. ಕೈ ನಿಂತರೆ ಮಾತು ಅರ್ಧಕ್ಕೇ ನಿಂತಂತೆ. ನೀನು ತಮಾಷೆ ಹೇಳುವಾಗ ಬೆರಳುಗಳೂ ನಗುತ್ತವಲ್ಲ, ಅದನ್ನು ಮೆಸೇಜಿನಲ್ಲಿ ಎಲ್ಲಿ ಹುಡುಕಲಿ? ಇದನ್ನು ಹೀಗೇ ಬಿಡಬಾರದೆಂದು ಟೊಂಕ ಕಟ್ಟಿ ನಿಂತೆ.

ಇಂಟರ್‌ನೆಟ್ಟಿನವನಿಗೆ ಫೋನು ಮಾಡಿದರೆ ‘ದೊಡ್ಡ ಪ್ಲಾನ್ ಹಾಕಿಸ್ಕೊಳ್ಳಿ ಅಮ್ಮಾ’ ಎಂದ. ಅಯ್ಯೋ, ಇಬ್ಬರ ಬಟ್ಟೆಯಲ್ಲಿ ಮೂವರಿಗೆ ಅಂಗಿ ಹೊಲಿದುಕೊಟ್ಟವಳು ನಾನು! ‘ಇರೋದನ್ನ ಹಂಚೋದು ಹೇಗೆ, ಅಷ್ಟು ಹೇಳಪ್ಪ’ ಎಂದು ಗದರಿದೆ. ಪಾಪ, ಹೇಳಿಕೊಟ್ಟ. ಫೋನಿನಲ್ಲಿ ರೂಟರಿನ ಸೆಟ್ಟಿಂಗ್ ಪುಟ ತೆರೆದರೆ ಮನೆಯ ಫೋನು, ಟಿವಿ, ಕಂಪ್ಯೂಟರುಗಳೆಲ್ಲ ಕಾಣುತ್ತವೆ; ಯಾವುದಕ್ಕೆ ಎಷ್ಟು ವೇಗವೆಂದು ಮಿತಿ ಹಾಕಬಹುದು. ಹೆಸರುಗಳೋ, ಬರೀ ಅಕ್ಷರ ಅಂಕಿಗಳ ಗೋಜಲು. ಒಂದೊಂದನ್ನೇ ಆಫ್ ಮಾಡಿ, ಪುಟದಿಂದ ಯಾವುದು ಮಾಯವಾಯಿತೆಂದು ನೋಡಿ ಗುರುತು ಹಿಡಿದೆ. ಅಪ್ಪ ಮ್ಯಾಚ್ ನೋಡುವ ಟಿವಿಗೆ, ಅವರ ಫೋನಿಗೆ ಮೊದಲು ಮೂಗುದಾರ ಹಾಕಿದೆ.

ಆಮೇಲೆ ಕರೆ ಮಾಡಿದರೆ ನಿನ್ನ ಬೆರಳುಗಳು ಎದುರಿಗೇ ಕೂತಷ್ಟು ಸ್ಪಷ್ಟ! ನಾನು ಉಬ್ಬಿಹೋದೆ. ನೀನು ನೋಡಿದರೆ ‘ನಿನ್ನ ಕೈ ಗಾಳಿಯಲ್ಲೇ ನಿಂತಿದೆ’ ಎಂದೆ. ಚಿತ್ರ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ ಎಂದು ನನಗೇನು ಗೊತ್ತು? ಬರುವುದನ್ನಷ್ಟೇ ಬಿಡಿಸಿದ್ದೆ. ಹೋಗುವ ದಾರಿಯನ್ನು ತುಂಬಿಕೊಂಡು ಕೂತಿದ್ದವನು ನಿನ್ನ ಚಿಕ್ಕಪ್ಪ, ತಾನು ತೆಗೆದ ಮದುವೆ ವೀಡಿಯೋಗಳನ್ನು ಗಿರಾಕಿಗಳಿಗೆ ಕಳಿಸುತ್ತಾ. ಅವನ ಅಪ್‌ಲೋಡಿಗೂ ಮಿತಿ ಹಾಕಿದೆ. ‘ಅತ್ತಿಗೆ, ನನ್ನ ಹೊಟ್ಟೆ ಮೇಲೆ ಹೊಡೀತೀರಲ್ಲ!’ ಎಂದು ಮನೆಯನ್ನೇ ತಲೆಯ ಮೇಲೆ ಹೊತ್ತ. ‘ಮಗಳ ಹತ್ರ ಮಾತಾಡೋ ಹೊತ್ತಲ್ಲಿ ಮಾತ್ರ ಕಣಯ್ಯಾ, ಮಿಕ್ಕ ಹೊತ್ತೆಲ್ಲ ನಿಂದೇ ರಾಜ್ಯ’ ಎಂದ ಮೇಲೆ ಗೊಣಗಿಕೊಂಡೇ ಒಪ್ಪಿದ. ಭಾನುವಾರ ನೋಡಿದೆಯಲ್ಲ, ಎರಡು ಕಡೆಯೂ ಒಂದು ಬೆರಳು ತಪ್ಪಲಿಲ್ಲ. ನನಗೆ ನಾನೇ ಶಭಾಷ್ ಅಂದುಕೊಂಡೆ, ನಿನ್ನಾಣೆ.

ಚಿಕ್ಕಪ್ಪ ನಿನ್ನನ್ನು ಕೇಳಿದನೆಂದು ತಿಳಿಸಲು ಹೇಳಿದ್ದಾನೆ, ಮುಖ ಊದಿಸಿಕೊಂಡೇ. ನಿನ್ನ ಕೈಗಳು ಎಂದೂ ದಣಿಯದಿರಲಿ, ಅವಕ್ಕೆ ನನ್ನ ಮುತ್ತು.

ಇಂತಿ,
ಈ ಮನೆಯ ಇಂಟರ್‌ನೆಟ್ ಯಜಮಾನಿ,
ನಿನ್ನ ಅಮ್ಮ

ತಾ.ಕ.: ಅಪ್ಪ ಈಚೆಗೆ ‘ನನ್ನ ಫೋನಿಗೆ ಒಂಚೂರು ಸಡಿಲ ಬಿಡೇ’ ಎಂದು ನನ್ನ ಬೆನ್ನು ಬಿದ್ದಿದ್ದರು. ಮ್ಯಾಚಿಗೇ ಇರಬೇಕೆಂದು ನಾನು ಸುತರಾಂ ಒಪ್ಪಲಿಲ್ಲ. ನಿನ್ನೆ ಕೋಣೆಯ ಬಾಗಿಲು ತಳ್ಳಿದರೆ, ಫೋನನ್ನು ಕನ್ನಡಿಗೆ ಒರಗಿಸಿ, ನಿಂತು ನಿಂತು ಬರುವ ಕೈಮಾತಿನ ಪಾಠ ನೋಡುತ್ತಾ ಕೈ ಆಡಿಸುತ್ತಿದ್ದಾರೆ! ‘ಬಾ’, ‘ಊಟ’ ಎಂಬ ಎರಡು ಸನ್ನೆ ಬಿಟ್ಟರೆ ಇಷ್ಟು ವರ್ಷ ನಿನ್ನನ್ನು ನನ್ನ ಕೈಯಿಂದಲೇ ಮಾತಾಡಿಸಿದ ಮನುಷ್ಯ. ಮಿತಿಯನ್ನು ಪೂರ್ತಿ ತೆಗೆದುಬಿಟ್ಟೆ. ಬರುವ ಭಾನುವಾರ ಕರೆಗೆ ಮೊದಲು ಅವರೇ ಕೂರುತ್ತಾರಂತೆ. ನನ್ನನ್ನು ಹುಡುಕಬೇಡ, ಅಡುಗೆಮನೆಯಲ್ಲಿರುತ್ತೇನೆ. ಅವರ ಕೈ ತಪ್ಪಿದರೆ ನಗಬೇಡ, ಮೊದಲೇ ಗೊತ್ತಿತ್ತು ಅಂತ ತೋರಿಸಿಕೊಳ್ಳಲೂಬೇಡ. ಇದನ್ನು ಕರೆಯಲ್ಲೇ ಹೇಳೋಣವೆಂದರೆ, ಪಕ್ಕದಲ್ಲಿ ಕೂತ ಅಪ್ಪನಿಗೆ ಈಗ ನಮ್ಮ ಕೈಮಾತು ಅರ್ಥವಾಗಿಬಿಡುತ್ತದಲ್ಲ!